ಹರದನಹಳ್ಳಿಯ ಸೋಮಾರಿ ಕುಕ್ಕರ್

ನಾಲ್ಕು ಹನಿ ಮಳೆ ಬಿದ್ದ ಚಿಕ್ಕ ಈರುಳ್ಳಿ ರಾಶಿಗೆ ತನ್ನದೇ ಒಂದು ವಾಸನೆ ಇರುತ್ತದೆ. ಹಸಿ ಮಣ್ಣು, ಒಣಗಿದ ಸಿಪ್ಪೆ, ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಮೊನ್ನೆ ಊರಿಗೆ ಹೋಗಿದ್ದವಳು ಗುಂಡ್ಲುಪೇಟೆಯಿಂದ ವಾಪಸು ಬರುವಾಗ ತೆರಕಣಾಂಬಿ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ರಸ್ತೆ ಪಕ್ಕದ ಹೊಲದಲ್ಲಿ ಇಬ್ಬರು ಹೆಂಗಸರು ರಾಶಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದರು. ಪಕ್ಕದ ಸೀಟಿನವರು ಸೆರಗನ್ನು ಮೂಗಿಗೆ ಹಿಡಿದರು. ನನಗೆ ಹಸಿವಾಯಿತು. ಆಲೂಗಡ್ಡೆ, ಮೆಣಸು, ಕೋಳಿ ಸಾಸೇಜ್, ಎಲ್ಲದರ ಅಡಿಯಲ್ಲಿ ಕರಗಿ ಹೋಗಿರುವ ಚಿಕ್ಕ ಈರುಳ್ಳಿ. ನಾನೂ ರತ್ನಳೂ ಹರದನಹಳ್ಳಿಯಲ್ಲಿ ಕಳೆದ ಆ ಒಂದು ಮಳೆಗಾಲ ಪೂರ್ತಿಯಾಗಿ ನೆನಪಾಯಿತು.

ಅದು ನನ್ನ ಮೊದಲ ಕೆಲಸದ ವರ್ಷ. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಟ್ಟೆ ಕಾರ್ಖಾನೆ. ಹೊಲಿದು ಬಂದ ಅಂಗಿಗಳ ಕಾಲರು, ಗುಂಡಿ, ಹೊಲಿಗೆ ನೋಡಿ ಸರಿ ಅಥವಾ ವಾಪಸು ಎಂದು ಗುರುತು ಹಾಕುವುದು ನನ್ನ ಕೆಲಸ. ರತ್ನ ಅದೇ ಅಂಗಿಗಳಿಗೆ ತೋಳು ಕೂಡಿಸುತ್ತಿದ್ದಳು. ಅವಳು ಹೊಲಿದದ್ದನ್ನು ನಾನು ಮೊದಲ ವಾರವೇ ವಾಪಸು ಕಳಿಸಿದ್ದೆ. ಊಟದ ಬಿಡುವಿನಲ್ಲಿ ಅವಳು ನನ್ನ ಎದುರಿಗೇ ಬಂದು ಕೂತು, ಕಣ್ಣಿಗೆ ಏನಾದರೂ ಬಿದ್ದಿತ್ತೇನಮ್ಮಿ ಅಂತ ಕೇಳಿದ್ದಳು. ಹಾಗೆ ಶುರುವಾದ ಸ್ನೇಹ. ತಿಂಗಳೊಳಗೆ ಹರದನಹಳ್ಳಿಯಲ್ಲಿ ಒಂದು ಕೋಣೆ ಹಿಡಿದೆವು. ಅಲ್ಲಿಯವರೆಗೂ ಕಾರ್ಖಾನೆಯ ಬಸ್ಸು ಬರುತ್ತಿತ್ತು, ಬಾಡಿಗೆ ಪಟ್ಟಣಕ್ಕಿಂತ ಕಡಿಮೆ ಇತ್ತು.

ನಾನು ದಿನಚರಿ ಬರೆಯುವವಳು. ಹವೆ, ಬಸ್ಸು, ಕೆಲಸ, ಊಟ, ಇವಿಷ್ಟನ್ನಾದರೂ ಬರೆಯದೆ ಮಲಗುವ ಅಭ್ಯಾಸವಿಲ್ಲ. ರತ್ನ ಇದನ್ನು ಕಂಡು ನಗುತ್ತಿದ್ದಳು. ಸೊಳ್ಳೆ ಕಚ್ಚಿದ್ದಕ್ಕೂ ನಿನ್ನ ಹತ್ತಿರ ಲೆಕ್ಕ ಇರಬೇಕು ಅನ್ನುವಳು. ಆ ಆಷಾಢದ ಊಟದ ಸಾಲುಗಳನ್ನು ಈಗ ತಿರುವಿದರೆ ಒಂದೇ ಬಗೆ: ‘ನಾನು ಚಿತ್ರಾನ್ನ, ರತ್ನ ಬನ್ನು.’ ‘ನಾನು ಮೊಸರನ್ನ, ರತ್ನ ಬನ್ನು, ಟೀ.’ ‘ರತ್ನ ಏನೂ ಇಲ್ಲ, ಸುಸ್ತು ಅಂದಳು.’ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಬಸ್ಸು ಹಿಡಿದು, ದಿನವಿಡೀ ಮಿಷಿನ್ನಿನ ಮುಂದೆ ಕೂತು, ಸಂಜೆ ಗಾಳಿಯಲ್ಲಿ ತೂರಾಡಿಕೊಂಡು ಮನೆಗೆ ಬಂದ ಮೇಲೆ ಅವಳಿಗೆ ಒಲೆ ಹಚ್ಚುವುದೆಂದರೆ ಬೆಟ್ಟ ಹತ್ತಿದಷ್ಟು. ನಾನು ಮಾಡಿದ್ದನ್ನು ಬಡಿಸಿದರೆ ಎರಡು ತುತ್ತು ತಿಂದು ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಅಡುಗೆ ಆಗುವವರೆಗೂ ಕಾಯುವಷ್ಟರಲ್ಲಿ ಅವಳ ಹಸಿವೇ ಸತ್ತುಹೋಗಿರುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ಅವಳು ಮಿಷಿನ್ನಿನ ಮೇಲೆಯೇ ಕುಸಿದಳು. ಕಾರ್ಖಾನೆಯ ದವಾಖಾನೆಯ ನರ್ಸು ಸಕ್ಕರೆ ನೀರು ಕುಡಿಸಿ, ರಕ್ತ ಕಡಿಮೆ ಇದೆ, ಹೊತ್ತು ಹೊತ್ತಿಗೆ ತಿನ್ನು, ಬೇರೆ ಯಾವ ಕಾಯಿಲೆಯೂ ಇಲ್ಲ ಎಂದರು. ಮನೆಗೂ ಫೋನು ಹೋಯಿತು. ರತ್ನಳ ಊರು ಹನೂರಿನ ಆಚೆ, ಮಾದಪ್ಪನ ಬೆಟ್ಟದ ದಾರಿಯಲ್ಲಿ. ಅವಳ ಅಣ್ಣ ಮಾದೇಶ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮಾರನೆಯ ದಿನವೇ ಖಾಲಿ ಟೆಂಪೋ ತಂದು ನಮ್ಮ ಕೋಣೆಯ ಮುಂದೆ ನಿಲ್ಲಿಸಿದ. ದೊಡ್ಡ ದೇಹ, ದೊಡ್ಡ ಮೀಸೆ, ತಂಗಿಯ ಮುಖ ನೋಡಿದ ಕೂಡಲೇ ಧ್ವನಿ ಮಾತ್ರ ಸಣ್ಣದಾಯಿತು.

“ಬಟ್ಟೆ ಕಟ್ಕೊ ರತ್ನಿ, ಓಗನ. ಅವ್ವ ನಿನ್ನೆಯಿಂದ ಕಣ್ಣೀರ್ ಆಕ್ತಾವ್ಳೆ. ಈ ಕೆಲ್ಸ ನಿಂಗೆ ಬ್ಯಾಡ ಕಣಮ್ಮಿ.”

ರತ್ನ ಗೋಡೆ ಹಿಡಿದುಕೊಂಡು ಎದ್ದು ನಿಂತು, ಬರುವುದಿಲ್ಲ ಎಂದಳು. ಕಾರಣ ನನಗೆ ಗೊತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಹೊಲಿಗೆಯವರಲ್ಲಿ ಕೆಲವರನ್ನು ಆರಿಸಿ ಸೂಪರ್‌ವೈಸರ್ ಮಾಡುವವರಿದ್ದರು. ತಪ್ಪದೆ ಬರುವವರ, ಮಿಷಿನ್ನು ಬಲ್ಲವರ, ಬಾಯಿ ಜೋರಿರುವವರ ಹೆಸರು ಮೊದಲು. ಮೂರರಲ್ಲೂ ರತ್ನಳ ಹೆಸರು ಮುಂದಿತ್ತು. ಆಗ ಊರಿಗೆ ಹೋದರೆ ಎಲ್ಲವೂ ಅಲ್ಲಿಗೇ ಮುಗಿಯಿತು. ಮರಳಿ ಬಂದರೂ ತೋಳು ಕೂಡಿಸುವ ಸಾಲಿನ ಕೊನೆಯಲ್ಲಿ ಕೂರಬೇಕು. ಅಣ್ಣ ತಂಗಿ ಸುಮಾರು ಹೊತ್ತು ವಾದ ಮಾಡಿದರು. ಕೊನೆಗೆ ಮಾದೇಶಣ್ಣ ಒಂದು ಮಾತಿಗೆ ಬಂದ. ಶ್ರಾವಣದಲ್ಲಿ ಒಂದು ದಿನ ಹೇಳದೆ ಕೇಳದೆ ಬರುತ್ತೇನೆ, ನೀನು ಉಣ್ಣುವುದನ್ನು ನನ್ನ ಕಣ್ಣಾರೆ ನೋಡುತ್ತೇನೆ, ನನಗೆ ಸರಿ ಕಾಣದಿದ್ದರೆ ಆವತ್ತೇ ಟೆಂಪೋ ಹತ್ತಬೇಕು ಎಂದ. ರತ್ನ ಆಗಲಿ ಎಂದಳು. ಅವನು ಹೋದ ಮೇಲೆ ಒಂದು ಬನ್ನು ಮುರಿದು, ಅರ್ಧ ತಿಂದು, ಅರ್ಧ ಹಾಗೇ ಇಟ್ಟು ಮಲಗಿದಳು. ನನಗೆ ದಿಗಿಲಾಯಿತು.

ಆ ಮಂಗಳವಾರ ನಾನು ಊರಿಗೆ ಹೋದೆ. ನಮ್ಮ ಕಾರ್ಖಾನೆಗೆ ವಾರದ ರಜೆ ಮಂಗಳವಾರ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಕಡೆ ಒಂದು ಕೋಲ್ಡ್ ಸ್ಟೋರೇಜ್ ಅಂಗಡಿ ಇದೆ. ನಡೆಸುವವನು ಬಿಜು ಚೇಟ, ಕೇರಳದ ಬತ್ತೇರಿ ಕಡೆಯವನು, ಅಪ್ಪನಿಗೆ ಹಳೆಯ ಪರಿಚಯ. ಕಾಡಿನಂಚಿನ ರೆಸಾರ್ಟುಗಳ ಅಡುಗೆಯವರಿಗೆ ಮೀನು, ಕೋಳಿ, ಸಾಸೇಜು ಕೊಡುತ್ತಾನೆ. ಹೂವಿನ ಕಾಲ ಅದು. ರಸ್ತೆಯುದ್ದಕ್ಕೂ ಸೂರ್ಯಕಾಂತಿ, ಚೆಂಡು ಹೂ ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳುವವರ ಕಾರುಗಳು ಸಾಲಾಗಿ ನಿಂತಿದ್ದವು. ಬಿಜು ಚೇಟನ ಮುಂದೆ ನಾನು ರತ್ನಳ ಕಥೆ ಹೇಳಿದೆ. ಅವನು ಒಳಗೆ ಹೋಗಿ ಧೂಳು ಹಿಡಿದ ಒಂದು ಪೆಟ್ಟಿಗೆ ತಂದ. ಅವನ ತಂಗಿ ಹೊರದೇಶದಲ್ಲಿ ನರ್ಸು. ಅಲ್ಲಿಂದ ಅತ್ತಿಗೆಗೆಂದು ತಂದುಕೊಟ್ಟದ್ದಂತೆ. ಅಂಡಾಕಾರದ ಪಾತ್ರೆ, ಒಳಗೆ ಭಾರದ ಪಿಂಗಾಣಿ ಬೋಗುಣಿ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದೇ ಒಂದು ತಿರುಗುಗುಂಡಿ. ಸ್ಲೋ ಕುಕ್ಕರ್. ಬೆಳಿಗ್ಗೆ ಎಲ್ಲವನ್ನೂ ಹಾಕಿ ಹೋದರೆ ಸಂಜೆಗೆ ತಾನೇ ಬೆಂದಿರುತ್ತದೆ.

“ನನ್ನ ಹೆಂಡತಿ ಮೀನ್ ಕರಿ ಕಾಲು ಗಂಟೆಲಿ ಮಾಡ್ತಾಳೆ ಮೋಳೇ. ಎಂಟು ಗಂಟೆ ಕಾಯೋ ಪಾತ್ರೆ ಅವಳಿಗೆ ಯಾಕೆ? ನೀನು ಒಯ್ಯಿ.”

ಜೊತೆಗೆ ಒಂದು ಪೊಟ್ಟಣ ಕೋಳಿ ಸಾಸೇಜನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟು ಕೊಟ್ಟ. ರೆಸಾರ್ಟಿನವರು ಆಲೂಗಡ್ಡೆ ಜೊತೆ ಹೇಗೆ ಮಾಡುತ್ತಾರೆ ಎಂದೂ ಹೇಳಿದ. ಆಲೂಗಡ್ಡೆ ಅಡಿಯಲ್ಲಿ, ಅದರ ಮೇಲೆ ಈರುಳ್ಳಿ, ಎಲ್ಲದರ ಮೇಲೆ ಸಾಸೇಜು. ನೀರು ಸ್ವಲ್ಪ ಸಾಕು, ಮುಚ್ಚಳ ತೆಗೆದು ಇಣುಕಬೇಡ. ಅಷ್ಟೇ.

ಅಷ್ಟೇ ಅಲ್ಲ ಎಂದು ಹರದನಹಳ್ಳಿಗೆ ಬಂದ ಮೇಲೆ ತಿಳಿಯಿತು. ನಮ್ಮ ಮನೆಯೊಡತಿ ಗುರುಮಲ್ಲಮ್ಮ. ಶಿವಪೂಜೆ ಆಗದೆ ನೀರು ಕುಡಿಯದವರು. ನಮ್ಮ ಕೋಣೆಯ ಗೋಡೆಯ ಆಚೆಗೇ ಅವರ ದೇವರ ಮನೆ. ಕೋಣೆಯಲ್ಲಿ ಮೊಟ್ಟೆಯನ್ನೂ ಬೇಯಿಸಬಾರದು ಎನ್ನುವ ಮಾತಿನ ಮೇಲೆಯೇ ನಮಗೆ ಕೋಣೆ ಸಿಕ್ಕಿತ್ತು. ಡಬ್ಬಿ ಹಿಡಿದುಕೊಂಡು ನಾನು ಅಂಗಳದಲ್ಲೇ ನಿಂತು, ಒಳಗೇನಿದೆ ಎಂದು ಹೇಳಿಬಿಟ್ಟೆ. ಅವರು ಕಣ್ಣಲ್ಲೇ ಡಬ್ಬಿಯನ್ನು ಅಳೆದು, ಹಿತ್ತಲಿನ ಶೆಡ್ಡಿನ ಕಡೆ ಕೈ ತೋರಿಸಿದರು. ಅವರ ತಂಗಿಯ ಗಂಡ ಬಂದಾಗಲೂ ಹಾಗೇ ಅಂತೆ. ಅವನು ತನಗೆ ಬೇಕಾದ್ದನ್ನು ಶೆಡ್ಡಿನ ಹತ್ತಿರ ಬೇಯಿಸಿ, ಅಲ್ಲೇ ಉಂಡು, ಅಲ್ಲೇ ಪಾತ್ರೆ ಬೆಳಗಿಟ್ಟು, ಸ್ನಾನ ಮಾಡಿ ಒಳಗೆ ಬರುವುದು. ನಮಗೂ ಅದೇ ಕಟ್ಟಳೆ. ಪಾತ್ರೆ, ತಟ್ಟೆ, ಸೌಟು ಎಲ್ಲ ಶೆಡ್ಡಿನಲ್ಲೇ ಇರಬೇಕು.

ಶೆಡ್ಡಿನಲ್ಲಿ ಬೋರ್‌ವೆಲ್‌ನ ಸ್ಟಾರ್ಟರ್ ಇತ್ತು, ಕೊಯ್ದ ಈರುಳ್ಳಿಯ ರಾಶಿ ಇತ್ತು, ಒಂದು ಪ್ಲಗ್ ಇತ್ತು. ಬುಧವಾರ ಬೆಳಿಗ್ಗೆ ಬಸ್ಸಿಗೆ ಮುಂಚೆ ಆಲೂಗಡ್ಡೆ ಹೆಚ್ಚಿ, ಗುರುಮಲ್ಲಮ್ಮನವರೇ ಕೊಟ್ಟ ಚಿಕ್ಕ ಈರುಳ್ಳಿ ಬಿಡಿಸಿ, ಬೆಳ್ಳುಳ್ಳಿ, ಉಪ್ಪು, ಮೆಣಸಿನ ಪುಡಿ ಹಾಕಿ, ಸಾಸೇಜು ಜೋಡಿಸಿ ಗುಂಡಿ ತಿರುಗಿಸಿದೆವು. ಗುರುಮಲ್ಲಮ್ಮ ದೂರದಿಂದ ನೋಡುತ್ತಿದ್ದರು. ಕೂಗುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಉಕ್ಕುವುದಿಲ್ಲವೇ ಎಂದರು. ಅದೂ ಇಲ್ಲ. ಹಾಗಾದರೆ ಇದು ಸೋಮಾರಿ ಕುಕ್ಕರ್ ಕಣ್ರಮ್ಮಿ ಎಂದು ಹೆಸರಿಟ್ಟು ಒಳಗೆ ಹೋದರು.

ಸಂಜೆ ಗೇಟಿನಿಂದಲೇ ವಾಸನೆ ಬಂತು. ರತ್ನ ಚೀಲವನ್ನೂ ಇಡದೆ ಶೆಡ್ಡಿಗೆ ಹೋದಳು. ಕಾಯುವುದೇ ಬೇಡ, ಒಲೆ ಹಚ್ಚುವುದೇ ಬೇಡ. ಮುಚ್ಚಳ ತೆಗೆದರೆ ಊಟ. ನೀರು ಹೆಚ್ಚಾಗಿತ್ತು, ಖಾರ ಸಾಲದು, ಆಲೂಗಡ್ಡೆ ತುಂಡುಗಳಲ್ಲಿ ಕೆಲವು ಕರಗಿ ಕೆಲವು ಗಟ್ಟಿ ಇದ್ದವು. ಅವಳು ತಟ್ಟೆ ತುಂಬ ತಿಂದಳು. ಬೆವರು ಒರೆಸಿಕೊಂಡು, ಚೂರು ಮುದ್ದೆ ಇದ್ದಿದ್ದರೆ ಎಂದಳು. ಅವಳ ಬಾಯಿಂದ ಇನ್ನಷ್ಟು ಬೇಕು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ನಾನು ಕುಕ್ಕರಿಗೆ ದಿನಚರಿಯಲ್ಲಿ ಬೇರೆ ಪುಟವನ್ನೇ ತೆರೆದೆ. ಆಲೂಗಡ್ಡೆಯನ್ನು ಒಂದೇ ಅಳತೆಗೆ ಹೆಚ್ಚಬೇಕು. ನೀರು ಅರ್ಧ ಲೋಟ. ಧನಿಯಾ ಪುಡಿ ಮೊದಲು, ಕಾಳುಮೆಣಸು ಕೊನೆಗೆ. ಟೊಮೆಟೊ ಹಾಕಿದರೆ ಆಲೂಗಡ್ಡೆ ಬೇಯಲು ತಡ. ಸಾಸೇಜಿಲ್ಲದ ದಿನ ಹುರುಳಿಕಾಳು, ಹಲಸಂದೆ, ಬೀಟ್‌ರೂಟು, ಏನಾದರೂ ಒಂದು. ಆದರೆ ದೊಡ್ಡ ಪಾಠ ಎರಡನೇ ಬುಧವಾರ ಕಲಿತೆವು. ಸಂಜೆ ಬಂದು ಮುಚ್ಚಳ ಮುಟ್ಟಿದರೆ ತಣ್ಣಗಿತ್ತು. ಆಲೂಗಡ್ಡೆ ಹಸಿ. ಸ್ಟಾರ್ಟರಿನ ದೀಪ ಆರಿತ್ತು.

ಗುರುಮಲ್ಲಮ್ಮ ನಮ್ಮ ಮುಖ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. ಪಂಪ್‌ಸೆಟ್ಟಿನ ಲೈನಿಗೆ ಕರೆಂಟು ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ, ಇದು ರಾತ್ರಿ ಪಾಳಿಯ ವಾರ, ಇದು ಗೊತ್ತಿಲ್ಲದೆ ಹರದನಹಳ್ಳಿಯಲ್ಲಿ ಯಾರಾದರೂ ಇದ್ದಾರೆಯೇ ಎಂದರು. ನಾವಿದ್ದೆವು, ಇಬ್ಬರು. ಇಡೀ ದಿನ ತಣ್ಣಗೆ ಕೂತ ಕೋಳಿಯನ್ನು ತಿನ್ನುವಂತಿರಲಿಲ್ಲ. ಎಲ್ಲವನ್ನೂ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದೆವು. ರತ್ನ ಮಣ್ಣು ತಳ್ಳುತ್ತಾ ಸಾಸೇಜಿನ ಹೆಸರು ಹಿಡಿದು ಅತ್ತಂತೆ ನಟಿಸಿದಳು. ಆ ರಾತ್ರಿ ಮತ್ತೆ ಬನ್ನು. ನಗು ಮುಗಿದ ಮೇಲೆ ಇಬ್ಬರಿಗೂ ಒಂದೇ ಯೋಚನೆ: ಮಾದೇಶಣ್ಣ ಇಂಥ ದಿನವೇ ಬಂದುಬಿಟ್ಟರೆ?

ಆಮೇಲೆ ಎಚ್ಚರ ತಪ್ಪಲಿಲ್ಲ. ಹಗಲು ಪಾಳಿಯ ವಾರ ಬೆಳಿಗ್ಗೆ ಕುಕ್ಕರ್ ಇಟ್ಟು ಸಂಜೆ ಉಣ್ಣುವುದು. ರಾತ್ರಿ ಪಾಳಿಯ ವಾರ ಮಲಗುವಾಗ ಇಟ್ಟು, ಬೆಳಿಗ್ಗೆ ಎದ್ದು ಬಿಸಿಯಾಗಿ ಉಂಡು, ಮಿಕ್ಕದ್ದನ್ನು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತುವುದು. ರೈತರು ಮೋಟಾರಿಗೆ ಎದ್ದು ಓಡಾಡುವ ಹೊತ್ತಿಗೆ ನಾವೂ ಆಲೂಗಡ್ಡೆಗೆ ಓಡಾಡುತ್ತಿದ್ದೆವು. ರತ್ನಳ ಕುತ್ತಿಗೆಯ ಮೂಳೆ ಒಳಗೆ ಸರಿಯಿತು. ಅಂಗಿ ತೋಳು ಎಂದಿಗಿಂತ ನೇರವಾಗಿ ಬರತೊಡಗಿತು; ಆ ಶ್ರಾವಣದಲ್ಲಿ ಅವಳ ಹೊಲಿಗೆಯನ್ನು ನಾನು ಒಂದು ಸಲವೂ ವಾಪಸು ಕಳಿಸಲಿಲ್ಲ. ಬಸ್ಸಿನಲ್ಲಿ ನಮ್ಮ ಡಬ್ಬಿಯ ವಾಸನೆಗೆ ಹಿಂದಿನ ಸೀಟಿನವರು ಕತ್ತು ಚಾಚುತ್ತಿದ್ದರು. ಸಾಸೇಜ್ ಎಂದರೆ ಏನು ಎಂದು ಕೇಳಿದವರಿಗೆಲ್ಲ ರತ್ನ, ಕೋಳಿ ಕೈಮಕ್ಕೆ ತೋಳು ಹೊಲಿದಿರುವುದು ಎಂದು ಹೇಳುತ್ತಿದ್ದಳು.

ಹಗಲು ಪಾಳಿಯ ಒಂದು ಬುಧವಾರ. ಬೆಳಿಗ್ಗೆ ಎಲ್ಲ ಜೋಡಿಸಿ, ದೀಪ ಉರಿಯುವುದನ್ನು ನೋಡಿಯೇ ಹೊರಟಿದ್ದೆವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ರತ್ನಳಿಗೆ ಅಣ್ಣನ ಫೋನು ಬಂತು. ಹೇಳದೆ ಕೇಳದೆ ಬರುತ್ತೇನೆ ಎಂದಿದ್ದವನು ಹೇಳಿಯೇ ಬರುತ್ತಿದ್ದ: ಚಾಮರಾಜನಗರದ ಮಾರ್ಕೆಟ್ಟಿಗೆ ಲೋಡ್ ತಂದಿದ್ದೇನೆ, ಸಂಜೆ ಬರುತ್ತೇನೆ, ಏನೂ ವಿಶೇಷ ಮಾಡಬೇಡ, ದಿನಾ ಉಣ್ಣುವುದನ್ನೇ ಉಣ್ಣು. ರತ್ನ ಫೋನು ಇಟ್ಟು ನನ್ನನ್ನು ನೋಡಿ ನಕ್ಕಳು. ಇದಕ್ಕಿಂತ ಒಳ್ಳೆಯ ದಿನ ಇನ್ನಿಲ್ಲ, ಅಣ್ಣನಿಗೆ ಮಾಂಸವೆಂದರೆ ಪ್ರಾಣ, ಬೋಗುಣಿ ಪೂರ್ತಿ ಅವನ ಮುಂದಿಟ್ಟುಬಿಡುತ್ತೇನೆ ಎಂದಳು. ಶ್ರಾವಣದಲ್ಲಿ ತಿನ್ನುತ್ತಾನೆಯೇ ಎಂದು ಕೇಳಿದೆ. ಅವರ ಮನೆಯಲ್ಲಿ ಸೋಮವಾರ ಒಂದು ಬಿಟ್ಟರೆ ಸಾಕಂತೆ.

ಸಂಜೆ ಬಸ್ಸಿಳಿದಾಗ ಊರಿನ ಅರ್ಧ ಗಂಡಸರು ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ನಿಂತಿದ್ದರು. ಕಂಬದ ಮೇಲಿನ ಟಿ.ಸಿ. ಸುಟ್ಟು ಹೋಗಿತ್ತು. ನಾವು ಹೊರಟ ಸ್ವಲ್ಪ ಹೊತ್ತಿಗೇ ಢಂ ಎಂದು ಸದ್ದಾಗಿ, ಪಂಪ್‌ಸೆಟ್ಟಿನ ಲೈನು ಸತ್ತಿತ್ತಂತೆ. ರತ್ನಳ ಮುಖ ಬಿಳುಪಾಯಿತು. ಎದುರಿಗೆ ನಮ್ಮ ಗೇಟಿನ ಮುಂದೆ ಟೆಂಪೋ ನಿಂತಿತ್ತು. ಆಷಾಢದಲ್ಲಿ ತಂದದ್ದೇ, ಹಿಂದೆ ಖಾಲಿ. ಅವಳು ನನ್ನ ಕೈ ಹಿಡಿದು, ಮನೆಯಲ್ಲಿ ಬನ್ನಾದರೂ ಇದೆಯಾ ಎಂದು ಕೇಳಿದಳು. ಅದೂ ಇರಲಿಲ್ಲ.

ಹಿತ್ತಲಿಗೆ ಓಡಿದೆವು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಆವಿಯ ವಾಸನೆ. ಗಾಜಿನ ಮುಚ್ಚಳದ ಒಳಗೆ ಹನಿಗಳು ಜಾರುತ್ತಿದ್ದವು. ಸ್ಟಾರ್ಟರಿನ ದೀಪ ಆರಿತ್ತು, ಆದರೆ ಕುಕ್ಕರಿನ ದೀಪ ಉರಿಯುತ್ತಿತ್ತು. ಕುಕ್ಕರಿನ ತಂತಿ ಗೋಡೆಯ ಪ್ಲಗ್ಗಿನಲ್ಲಿರಲಿಲ್ಲ. ಇನ್ನೊಂದು ಉದ್ದದ ತಂತಿಗೆ ಸಿಕ್ಕಿಸಿತ್ತು. ಆ ತಂತಿ ಈರುಳ್ಳಿ ರಾಶಿಯ ಪಕ್ಕದಿಂದ ಹೊರಗೆ ಹೋಗಿ, ಬಟ್ಟೆ ಒಣಹಾಕುವ ಕಂಬಕ್ಕೆ ಸುತ್ತಿ, ಗುರುಮಲ್ಲಮ್ಮನವರ ಅಡುಗೆ ಮನೆಯ ಕಿಟಕಿಯೊಳಗೆ ಹೋಗಿತ್ತು. ಮನೆಯ ಲೈನು ಬೇರೆ, ಅದಕ್ಕೆ ಏನೂ ಆಗಿರಲಿಲ್ಲ. ಅವರು ಗ್ರೈಂಡರಿನ ಪ್ಲಗ್ ಕಿತ್ತು, ಮದುವೆ ಮನೆಗಳಿಗೆ ದೀಪ ಕಟ್ಟುವ ಪಕ್ಕದ ಬೀದಿಯವನಿಂದ ತಂತಿ ತರಿಸಿ, ಬೆಳಿಗ್ಗೆಯೇ ಇದನ್ನು ಮಾಡಿಸಿದ್ದರು. ಆವತ್ತು ಅವರ ಮನೆಯಲ್ಲಿ ದೋಸೆಗೆ ರುಬ್ಬಿರಲಿಲ್ಲ.

ಗುರುಮಲ್ಲಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಿಮ್ಮ ಅಡುಗೆ ಮನೆಯಿಂದ, ಇದಕ್ಕೆ, ಎಂದು ತೊದಲಿದೆ.

“ಕರೆಂಟ್ಗೆ ಯಾವ ಮಡಿ ಕಣಮ್ಮಿ? ಅದು ಎಲ್ಲಾರ್ ಮನೆಗೂ ಓಗ್ಬುಟ್ಟೆ ನಮ್ ಮನೆಗೂ ಬರೋದು. ಆ ಗುಂಡೀನ ಮಾತ್ರ ನಾ ಮುಟ್ನಿಲ್ಲ, ನೀನೇ ಆರ್ಸ್ಕೊ.”

ಮಾದೇಶಣ್ಣ ಜಗಲಿಯಲ್ಲಿ ಕೂತಿದ್ದ. ತಂಗಿಯನ್ನು ಮೇಲಿಂದ ಕೆಳಗೆ ನೋಡಿದ. ರತ್ನ ಶೆಡ್ಡಿನ ಮುಂದೆ ಚಾಪೆ ಹಾಸಿ, ನಾನು ತಿರುವಿದ ಮುದ್ದೆಯ ಪಕ್ಕದಲ್ಲಿ ಅವನ ತಟ್ಟೆಗೆ ದೊಡ್ಡ ದೊಡ್ಡ ಸಾಸೇಜು ಆರಿಸಿ ಹಾಕಿದಳು. ಅವನು ತಟ್ಟೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದು, ತಟ್ಟೆಯನ್ನು ನಿಧಾನಕ್ಕೆ ತಂಗಿಯ ಕಡೆ ತಳ್ಳಿದ.

“ನಂಗಾಗಲ್ಲ ರತ್ನಿ. ನೀ ಬಿದ್ದೆ ಅಂತ ಪೋನ್ ಬಂದೇಟ್ಗೆ ಅವ್ವ ಮಾದಪ್ಪುನ್ಗೆ ಅರಕೆ ಕಟ್ಕೊಂಡ್ಲು. ನನ್ ಮಗ್ಳು ಗಟ್ಟಿಯಾಗೋ ಗಂಟ ನನ್ ಮಗ ಮಾಂಸ ಮುಟ್ಟಲ್ಲ ಅಂತ. ನನ್ನ ಒಂದ್ ಮಾತ್ ಕೇಳ್ಬಾರ್ದಾ? ಅವ್ಳೇ ಬುಟ್ಟಿದ್ರೂ ಆಗೋದು, ಅವ್ಳು ಮಾತ್ರ ತಿಂತಾಳೆ.”

ರತ್ನ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೂ ನಗು ತಡೆಯಲಾಗಲಿಲ್ಲ. ಒಂದೂವರೆ ತಿಂಗಳಿನಿಂದ ಈ ದೊಡ್ಡ ಮನುಷ್ಯ ದಾರಿಯ ಹೋಟೆಲುಗಳಲ್ಲಿ ಅನ್ನ ಸಾರು ಉಂಡುಕೊಂಡು ಟೆಂಪೋ ಓಡಿಸುತ್ತಿದ್ದ. ತಂಗಿಯನ್ನು ಊರಿಗೆ ಕರೆದುಕೊಂಡು ಹೋಗಿ ಬೇಗ ಗಟ್ಟಿ ಮಾಡಿಸಬೇಕು ಎಂಬ ಅವಸರಕ್ಕೆ ಅದೂ ಒಂದು ಕಾರಣ ಎಂದು ಅವನೇ ಒಪ್ಪಿಕೊಂಡ. ಗುರುಮಲ್ಲಮ್ಮ ಒಳಗಿನಿಂದ ಇನ್ನೊಂದು ತಟ್ಟೆಯಲ್ಲಿ ಸೊಪ್ಪಿನ ಬಸ್ಸಾರು, ಪಲ್ಯ ತಂದು, ಮುದ್ದೆ ಹಾಕಿಸಿಕೊಂಡು ಉಣ್ಣಪ್ಪ ಎಂದು ದೂರದಿಂದಲೇ ಚಾಪೆಯ ತುದಿಗೆ ಇಟ್ಟು ಹೋದರು.

ಹಾಗಾಗಿ ಅವನಿಗೆ ತಂಗಿ ಉಣ್ಣುವುದನ್ನು ನೋಡುವುದರ ಹೊರತು ಬೇರೆ ಕೆಲಸವೇ ಉಳಿಯಲಿಲ್ಲ. ನೋಡಿದ. ಒಂದೊಂದು ತುತ್ತನ್ನೂ ನೋಡಿದ. ರತ್ನ ಮೊದಲು ನಾಚಿಕೊಂಡಳು, ಆಮೇಲೆ ಹಸಿವು ಗೆದ್ದಿತು. ತನ್ನ ತಟ್ಟೆ ಮುಗಿಸಿ ಅಣ್ಣ ತಳ್ಳಿದ ತಟ್ಟೆಯನ್ನೂ ಎಳೆದುಕೊಂಡಳು. ಆಲೂಗಡ್ಡೆಯನ್ನು ಮುದ್ದೆಯ ತುಂಡಿನಲ್ಲಿ ಒತ್ತಿ ರಸಕ್ಕೆ ಹೊರಳಿಸಿ ನುಂಗುವಳು. ಅವಳ ಗಂಟಲಿನ ಜೊತೆ ಅವನ ಗಂಟಲೂ ಏರಿಳಿಯುತ್ತಿತ್ತು. ಅದೇನು, ಉಪ್ಪಿದೆಯಾ, ಖಾರವಿದೆಯಾ, ಒಳಗೆ ಮೂಳೆ ಇರುತ್ತದಾ, ಕುರಿಯಂತಾ ಕೋಳಿಯಂತಾ ಎಂದು ಒಂದೊಂದೇ ಕೇಳುತ್ತಾ ಬಸ್ಸಾರು ಉಂಡ. ಕೈ ತೊಳೆದ ಮೇಲೆ ಟೆಂಪೋ ಕಡೆ ನಡೆದ. ರತ್ನ ಹಿಂದೆಯೇ ಹೋದಳು. ನಾನು ಗೇಟಿನ ಬಳಿ ನಿಂತೆ. ಅವನು ಸೀಟಿನ ಕೆಳಗಿನಿಂದ ಒಂದು ಕಟ್ಟು ನುಗ್ಗೆ ಸೊಪ್ಪು ತೆಗೆದು ಅವಳ ಕೈಗಿಟ್ಟ. ಈಗಲೇ ಏನೂ ಹೇಳುವುದಿಲ್ಲ ಎಂದ. ಗಟ್ಟಿಯಾಗಿದ್ದಾಳೋ ಇಲ್ಲವೋ ಎಂದು ಹೇಳಬೇಕಾದವಳು ಹರಕೆ ಹೊತ್ತವಳು. ಮುಂದಿನ ಸೋಮವಾರ ರಜೆ ಹಾಕಿ ಬೆಟ್ಟಕ್ಕೆ ಬಾ, ಅವ್ವನೇ ನೋಡಲಿ.

ಆ ವಾರ ನನ್ನ ಜೀವನದಲ್ಲೇ ಉದ್ದದ್ದು ಎಂದು ಬರೆದಿದ್ದೇನೆ. ಶನಿವಾರ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದವರ ಹೆಸರು ಅಂಟಿಸಿದರು. ರತ್ನಳ ಹೆಸರಿತ್ತು. ಅವಳು ಕುಣಿಯಲಿಲ್ಲ, ಸೋಮವಾರ ಕಳೆಯಲಿ ಎಂದಳು. ಭಾನುವಾರ ಕೆಲಸ ಮುಗಿಸಿ ನೇರ ಹನೂರಿನ ಬಸ್ಸು ಹತ್ತಿದಳು. ಸೋಮವಾರ ಎಷ್ಟು ಸಲ ಫೋನು ಮಾಡಿದರೂ ಬೆಟ್ಟದ ಮೇಲೆ ಸಿಗ್ನಲ್ ಸಿಗಲಿಲ್ಲ. ಅವಳ ಮಿಷಿನ್ನಿನ ಖಾಲಿ ಸ್ಟೂಲಿನ ಕಡೆ ನೋಡದೆ ನಾನು ಅಂಗಿಗಳನ್ನು ನೋಡಿದೆ.

ಮಂಗಳವಾರ ನಾನು ಗುಂಡ್ಲುಪೇಟೆಗೆ ಹೋದವಳು ಬೇಗನೆ ವಾಪಸಾದೆ. ಬಿಜು ಚೇಟ ಈ ಸಲ ಎರಡು ಪೊಟ್ಟಣ ಕೊಟ್ಟಿದ್ದ. ಹಗಲು ಪಾಳಿ ಅಲ್ಲ, ಆದರೆ ಗುರುಮಲ್ಲಮ್ಮನವರ ಕಿಟಕಿಯ ತಂತಿ ಇನ್ನೂ ಕಂಬದ ಮೇಲೆಯೇ ಇತ್ತು. ಕುಕ್ಕರನ್ನು ಜೋರಿಗೆ ಇಟ್ಟೆ. ಮಧ್ಯಾಹ್ನ ಬಿಸಿಲು ಬಂದು ಹೋಗುತ್ತಿದ್ದಾಗ ಟೆಂಪೋ ಬಂತು. ಮಾದೇಶಣ್ಣನ ತಲೆ ಬೋಳಾಗಿತ್ತು, ಹಣೆ ತುಂಬ ವಿಭೂತಿ. ಹರಕೆ ತೀರಿಸಿ ಮುಡಿ ಕೊಟ್ಟು, ಊರಿಗೂ ಹೋಗದೆ, ಬೆಟ್ಟದಿಂದ ನೇರ ಇಲ್ಲಿಗೆ. ಅವ್ವನನ್ನು ದಾರಿಯಲ್ಲಿ ಊರಿನ ತಿರುವಿನಲ್ಲೇ ಇಳಿಸಿದರಂತೆ. ರತ್ನ ಇಳಿದಳು. ಅವಳ ಬ್ಯಾಗು ಕೈಯಲ್ಲಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಬಿಡಲು ಬಂದದ್ದೋ, ಉಳಿದ ಸಾಮಾನು ತೆಗೆದುಕೊಂಡು ಹೋಗಲು ಬಂದದ್ದೋ.

ನಾನು ಕೇಳುವ ಮೊದಲೇ ಮಾದೇಶಣ್ಣ ಶೆಡ್ಡಿನ ಮುಂದೆ ಕೂತುಬಿಟ್ಟಿದ್ದ. ಎಷ್ಟು ಹೊತ್ತು ಎಂದ. ಇನ್ನೂ ಎರಡು ಗಂಟೆ ಎಂದೆ. ಅವನ ಮುಖ ನೋಡಲಾಗುತ್ತಿರಲಿಲ್ಲ. ಒಂದು ಸಲ ಎದ್ದು ಕುಕ್ಕರಿನ ಸುತ್ತ ಬಂದ, ಬಗ್ಗಿ ಗಾಜಿನೊಳಗೆ ನೋಡಿದ, ಸೌದೆ ಒಲೆಯಾಗಿದ್ದರೆ ಊದಿಯಾದರೂ ಬೇಗ ಮಾಡಬಹುದಿತ್ತು ಎಂದು ಗೊಣಗಿದ.

ರತ್ನ ಒಳಗಿನಿಂದ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕುಕ್ಕರಿನ ಹತ್ತಿರ ನಿಂತರೆ ಬೇಗ ಬೇಯುವುದಿಲ್ಲ, ಸುಮ್ಮನೆ ಕೂರುವವರಿಗೆ ಇಲ್ಲಿ ಊಟವಿಲ್ಲ, ಆ ರಾಶಿಯ ಈರುಳ್ಳಿಯಲ್ಲಿ ಕೊಳೆತದ್ದನ್ನೆಲ್ಲ ಬೇರೆ ಮಾಡು, ಗುರುಮಲ್ಲಮ್ಮ ಅವರಿಗೆ ನಾಳೆ ಲೋಡ್ ಇದೆ ಎಂದಳು. ಅವನು ಬಾಯಿ ತೆರೆದ. ಅವಳು ಬೆರಳು ತೋರಿಸಿ, ಒಣಗಿದ್ದು ಇತ್ತ, ಕೊಳೆತದ್ದು ಅತ್ತ, ಬೆರೆಸಬೇಡ ಎಂದಳು. ಅವನು ಬಾಯಿ ಮುಚ್ಚಿ, ಲುಂಗಿ ಎತ್ತಿ ಕಟ್ಟಿ, ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಎರಡು ಗಂಟೆ ಹೊತ್ತು ಈರುಳ್ಳಿ ಆರಿಸಿದ. ಗುರುಮಲ್ಲಮ್ಮ ಕಿಟಕಿಯಿಂದ ನೋಡಿ ನನಗೆ ಕಣ್ಣು ಮಿಟುಕಿಸಿದರು.

ಮುಚ್ಚಳ ತೆಗೆದಾಗ ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಎಂದ. ಮೊದಲ ಸಾಸೇಜನ್ನು ನಿಧಾನಕ್ಕೆ ಅಗಿದ. ಎರಡನೆಯದು, ಮೂರನೆಯದು, ನಡುವೆ ಆಲೂಗಡ್ಡೆ. ನನಗೆ ಇನ್ನು ತಡೆಯಲಾಗಲಿಲ್ಲ. ರತ್ನನ್ನ ಕರೆದುಕೊಂಡು ಹೋಗುತ್ತೀರಾ ಅಣ್ಣಾ ಎಂದು ಕೇಳಿದೆ.

ಅವನು ತುತ್ತು ನುಂಗಿ, ನೀರು ಕುಡಿದು, ತಂಗಿಯ ಕಡೆ ನೋಡದೆಯೇ ಹೇಳಿದ.

“ಅವ್ವ ಬೆಟ್ದಲ್ಲಿ ಇವ್ಳ ತೋಳ್ ಇಡ್ದು ನೋಡ್ಬುಟ್ಟು, ಗಟ್ಟಿಯಾಗವ್ಳೆ, ಆದ್ರೂ ನನ್ ಕಣ್ಮುಂದೆ ಇರ್ಲಿ, ಕರ್ಕೊಂಡ್ ಬಾ ಅಂದ್ಲು. ನಾನೂ ಹೂಂ ಅಂದೆ. ಈಗ ಬ್ಯಾಡ ಅಂತೀನಿ ಕಣಮ್ಮಿ. ಇವ್ಳ ಮನೇಗ್ ಕರ್ಕೊಂಡೋದ್ರೆ ಸೂಪರ್‌ವೈಸರ್ ಕೆಲ್ಸನ ನನ್ ಮ್ಯಾಲೇ ಮಾಡ್ತಾಳೆ. ಇಲ್ಲೇ ಇರ್ಲಿ, ಸಂಬ್ಳನಾದ್ರೂ ಬತ್ತದೆ.”

ರತ್ನ ಸೌಟು ಎತ್ತಿ ಅವನ ಬೆನ್ನಿಗೆ ಹೊಡೆಯಲು ಹೋದವಳು, ಹೊಡೆಯದೆ, ಬೋಗುಣಿಯ ತಳದಲ್ಲಿ ಉಳಿದಿದ್ದ ಕೊನೆಯ ಸಾಸೇಜನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಎರಡು ತುಂಡು ಮಾಡಿ ಒಂದನ್ನು ಅವಳ ಬಾಯಿಗಿಟ್ಟ. ಆಮೇಲೆ ಎಡಗೈಯಲ್ಲಿ ಫೋನು ತೆಗೆದು, ಅವ್ವನಿಗೆ ಏನೆಂದು ಹೇಳುವುದು ನೀನೇ ಹೇಳಮ್ಮಾ ಸೂಪರ್‌ವೈಸರ್ ಎಂದು ತಂಗಿಯ ಕೈಗೆ ಕೊಟ್ಟ. ಅವಳು ಅಂಗಳಕ್ಕೆ ಹೋಗಿ, ನಾನು ಬರುವುದಿಲ್ಲ ಕಣವ್ವಾ ಎಂದು ಶುರುಮಾಡಿದಳು, ಆ ಮಾತು ಬೀದಿಯ ಕೊನೆಯವರೆಗೂ ಕೇಳಿಸಿತು.